ಕಕ್ಕಸಿನ ಬಾಗಿಲಿಗೆ ಕಿವಿಯಿಟ್ಟವಳು

ಮನೆಯಲ್ಲೇ ಕೂತು ಊರವರ ಕಿಟಕಿಗೆಲ್ಲ ಪರದೆ ಹೊಲಿಯುವ ಆಕೆಯನ್ನು ಎಲ್ಲರೂ ಹೊಲಿಗೆಯಮ್ಮ ಅಂತಲೇ ಕರೆಯುತ್ತಿದ್ದರು. ಮಿಷನ್ನಿನ ಗಡಗಡ ಸದ್ದಿನ ನಡುವೆಯೂ ಕಕ್ಕಸಿನ ಚಿಲಕ ಬಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ಕಾಲು ತಾನಾಗಿ ನಿಲ್ಲುತ್ತಿತ್ತು. ಬಟ್ಟೆ ಸೂಜಿಯ ಕೆಳಗೆ ಅರ್ಧಕ್ಕೇ ನಿಂತು ಮನೆಯೆಲ್ಲ ಸ್ತಬ್ಧ. ಒಳಗೆ ಎಷ್ಟು ಹೊತ್ತು ಕೂತಳು, ನರಳಿದಳೋ ಇಲ್ಲವೋ, ನೀರು ಎಷ್ಟು ಸುರಿದಳು ಎಂಬುದನ್ನೆಲ್ಲ ಕೂತಲ್ಲೇ ಅಳೆಯುತ್ತಿದ್ದಳು.

ಒಳಗಿರುವುದು ಹೈಸ್ಕೂಲಿಗೆ ಹೋಗುವ ಮಗಳು. ಚಿಕ್ಕಂದಿನಲ್ಲೇ ಕರುಳಿಗೆ ಹುಣ್ಣಿನ ಕಾಯಿಲೆ ಅಂಟಿಕೊಂಡಿತ್ತು. ಕೆಲವು ಕಾಲ ಸುಮ್ಮನಿದ್ದು ಮತ್ತೆ ಏಳುವ, ಪೂರ್ತಿ ಬಿಟ್ಟುಹೋಗದ ಕಾಯಿಲೆ. ರಕ್ತ ಕಂಡರೆ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಹೋದ ಬಾರಿ ತಡವಾಗಿ, ಹುಡುಗಿ ಆಸ್ಪತ್ರೆಯ ಮಂಚದಲ್ಲಿ ಕಡ್ಡಿಯಂತೆ ಮಲಗಿದ್ದಳು. ಅಂದಿನಿಂದ ಹೊಲಿಗೆಯಮ್ಮ ಯಾರನ್ನೂ ನಂಬುತ್ತಿರಲಿಲ್ಲ. "ಚೆನ್ನಾಗಿದೀನಿ" ಅನ್ನುವ ಮಗಳನ್ನಂತೂ ಇಲ್ಲವೇ ಇಲ್ಲ. ನೆಂಟರ ಮನೆಗೆ ಹೋಗುವುದು ನಿಂತೇಹೋಗಿತ್ತು. ಎಲ್ಲಿಗಾದರೂ ಹೊರಟರೆ ದಾರಿಯಲ್ಲಿ ಕಕ್ಕಸು ಎಲ್ಲಿದೆ ಎಂಬುದೇ ಮೊದಲ ಯೋಚನೆ.

"ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೆ," ಅನ್ನುತ್ತಿದ್ದ ಲಿಫ್ಟ್ ರಿಪೇರಿ ಮಾಡುವ ಗಂಡ.

"ಸೇರಿದ್ರೆ ಮೊದಲು ನಿಮ್ಮನ್ನೇ ಒಳಗೆ ಹಾಕ್ತಿದ್ದೆ. ಮೊನ್ನೆ ಅವಳಿಗೆ ಕರಿದಿದ್ದು ಕೊಡಿಸಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಈಚೆಗೆ ಹೊಸದೊಂದು ಅನುಮಾನ ತಲೆ ಹೊಕ್ಕಿತ್ತು. ಚಿಲಕದ ಸದ್ದೇ ಕಡಿಮೆಯಾಗಿತ್ತು. ಸ್ಕೂಲಿನಿಂದ ಬಂದವಳು ಚೀಲ ಎಸೆದು ನೇರ ಎದುರು ಮನೆಗೆ. ಅಲ್ಲಿರುವುದು ಒಂಟಿ ಮುದುಕಿ. ಕಿವಿ ಮಂದವಾದ್ದರಿಂದ ದಿನವಿಡೀ ರೇಡಿಯೋ ಅಬ್ಬರಿಸುತ್ತಿತ್ತು. ಬೀದಿಗೆಲ್ಲ ಅವಳು ರೇಡಿಯೋ ಅಜ್ಜಿ. ಹೊಟ್ಟೆಗೆ ಆಗದ್ದನ್ನು ಮುದ್ದಿನಿಂದ ತಿನ್ನಿಸುತ್ತಿದ್ದಾಳೆ, ಇನ್ನೇನು, ಎಂದುಕೊಂಡಳು ಹೊಲಿಗೆಯಮ್ಮ. ಮಗಳು ಬಂದಾಗ ಬಳೆ ನೋಡುವ ನೆಪದಲ್ಲಿ ಕೈ ಮೂಸಿದಳು. ಎಣ್ಣೆಯ ವಾಸನೆಯಿಲ್ಲ, ಸೋಪಿನ ವಾಸನೆ. ಅನುಮಾನ ಇನ್ನೂ ಗಟ್ಟಿಯಾಯಿತು. ತಿನ್ನಿಸಿ, ಕೈ ತೊಳೆಸಿ ಕಳಿಸುತ್ತಾಳೆ, ಕಿಲಾಡಿ ಮುದುಕಿ.

ಒಂದು ಸಂಜೆ ತಡೆಯಲಾರದೆ ಎದುರು ಮನೆಗೆ ನುಗ್ಗಿದಳು. ಅಜ್ಜಿ ಒಬ್ಬಳೇ ಕೂತಿದ್ದಳು. ರೇಡಿಯೋ ಗೋಡೆ ಅದುರಿಸುತ್ತಿತ್ತು.

"ನನ್ನ ಮಗಳೆಲ್ಲಿ? ಏನು ತಿನ್ನಿಸ್ತಿದೀರ ಅವಳಿಗೆ?"

"ಆಂ?"

ಗಂಟಲೇರಿಸಿ ಮತ್ತೆ ಕೇಳಿದಳು.

"ತಿನ್ನೋದಾ? ಒಂದು ಲೋಟ ನೀರೂ ಮುಟ್ಟಲ್ಲ ತಾಯಿ ನಿನ್ನ ಮಗಳು. ನಮ್ಮ ಕಕ್ಕಸಿಗೆ ಬರ್ತಾಳೆ." ಅಜ್ಜಿ ಹಿಂಬಾಗಿಲತ್ತ ಗದ್ದ ಎತ್ತಿದಳು. "ಬಂದವಳೇ ರೇಡಿಯೋ ಇನ್ನೂ ಜೋರು ಮಾಡಜ್ಜಿ ಅಂತಾಳೆ. ನನಗೇನು, ಮಾಡ್ತೀನಿ."

"ಯಾಕಂತೆ?"

"ನಾನು ಕೇಳಿಲ್ಲಮ್ಮ. ಹೊಟ್ಟೆ ಕೆಟ್ಟವರನ್ನ ನಿಲ್ಲಿಸಿ ಯಾಕೆ ಅಂತ ಕೇಳ್ತಾರಾ?"

ಹಿಂಬಾಗಿಲು ತೆರೆಯಿತು. ತಾಯಿಯನ್ನು ಕಂಡ ಮಗಳ ಮುಖ ಬಿಳಿಚಿಕೊಂಡಿತು. ಇಬ್ಬರೂ ಬೀದಿ ದಾಟಿದರು. ಮನೆಯೊಳಗೆ ಬಂದ ಮೇಲೆ ಹೊಲಿಗೆಯಮ್ಮ ಕೇಳಿದಳು:

"ರಕ್ತ ಹೋಗ್ತಿದೆಯಾ?"

"ಹೂಂ. ಸ್ವಲ್ಪ. ನಾಲ್ಕೈದು ದಿನದಿಂದ."

ಭಯಪಟ್ಟದ್ದೇ ನಿಜವಾಗಿತ್ತು.

"ನನ್ನ ಹತ್ರ ಮುಚ್ಚಿಡೋದಾ? ನಾನೇನು ಹೊಡೀತೀನಾ?"

"ಹೊಡೆದ್ರೆ ಪರವಾಗಿಲ್ಲ. ನನಗೆ ಹುಷಾರಿಲ್ಲ ಅಂದ್ರೆ ನೀನು ಊಟ ಬಿಡ್ತೀಯಮ್ಮ. ಹೋದ ಸಲ ನೀನೇ ತಲೆ ಸುತ್ತಿ ವಾರ್ಡಲ್ಲೇ ಬಿದ್ದೆ. ಇಬ್ಬರಲ್ಲಿ ರೋಗಿ ಯಾರು ಅಂತ ನರ್ಸ್ ಕೇಳಿದ್ರು." ಮಗಳು ಕಣ್ಣೊರೆಸಿಕೊಂಡಳು. "ನಾನು ಒಳಗೆ ಹೋದ್ರೆ ನಿನ್ನ ಮಿಷನ್ ನಿಲ್ಲುತ್ತೆ. ನೀನು ಕೇಳಿಸ್ಕೊಳ್ತಿದೀಯ ಅಂದ್ರೆ ನನಗೆ ಕೂರೋಕೂ ಆಗಲ್ಲ."

ಹೊಲಿಗೆಯಮ್ಮ ಆಸ್ಪತ್ರೆಗೆ ಫೋನ್ ಮಾಡಿದಳು. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಕರೆತನ್ನಿ ಅಂದರು. ಗಂಡನಿಗೆ ರಜೆ ಹಾಕಲು ಹೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ, ತಟ್ಟೆಗೆ ಅನ್ನ ಬಡಿಸಿಕೊಂಡು ಬಂದು ಮಗಳ ಮುಂದೆ ಕೂತಳು. ಒಂದೊಂದೇ ತುತ್ತು ನುಂಗತೊಡಗಿದಳು.

ಮಗಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಏನೇ ಹಾಗೆ ನೋಡ್ತೀಯ?"

"ನಾನು ಆಚೆ ಹೋದ್ಮೇಲೆ ಚೆಲ್ತೀಯೇನೋ ಅಂತ."

"ಚೆಲ್ಲಲ್ಲ ಕಣೇ, ಹೋಗು."

ಮಗಳಿಗೆ ನಂಬಿಕೆ ಬರಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಅಲ್ಲಿಂದ ಏಳಲಿಲ್ಲ.