ಮಹಾನಂದಾ ಕಾಕುವಿನ ಮರೆವು

ವಿಜಾಪುರ ರಸ್ತೆಯ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಮಹಾನಂದಾ ಕಾಕುವಿಗೆ ಕೇಳಿಸುತ್ತದೆ. ಡಬ್ಬಿಯಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಬಂದು, ಹೊಸ್ತಿಲು ದಾಟುವ ಮೊದಲೇ ಮಾತು ಶುರುಮಾಡುತ್ತಾಳೆ. ಮಾತಾಡುತ್ತಲೇ ಹಾಸಿಗೆ ಕೊಡವಿ, ಕಿಟಕಿ ತೆರೆದು, ಮಲಗಿದವರ ತಲೆ ಬಾಚುತ್ತಾಳೆ. ದವಾಖಾನೆಗೂ ಅವಳೇ ಜೊತೆ. ಡಾಕ್ಟರು "ಎಲ್ಲಿ ನೋವು?" ಎಂದು ರೋಗಿಯನ್ನು ಕೇಳಿದರೆ, "ಅಕಿಗೇನ್ ಕೇಳ್ತೀರಿ, ನನ್ನ ಕೇಳ್ರಿ. ಮೊಣಕಾಲಾಗ ನೋವದ, ಅಕಿ ಹೇಳಂಗಿಲ್ಲ" ಎನ್ನುತ್ತಾಳೆ. ಅವಳೆದುರು ಇಡೀ ವಾಕ್ಯ ಮುಗಿಸಿದವರು ಓಣಿಯಲ್ಲಿ ಯಾರೂ ಇಲ್ಲ. ಹೋದ ವರ್ಷ ಅವಳ ಗಂಡನ ಗೆಳೆಯ, ಬಟ್ಟೆ ಅಂಗಡಿಯ ಸಿದ್ರಾಮಪ್ಪನಿಗೆ ಲಕ್ವಾ ಹೊಡೆದು ನಾಲಿಗೆ ತೊದಲತೊಡಗಿತು. ಮನೆಯವರು ಪ್ರೀತಿಯಿಂದಲೇ ಅವನ ಮಾತನ್ನು ತಾವು ಆಡಿ ಮುಗಿಸುತ್ತಿದ್ದರು. ಅವನು ಮಾತನ್ನೇ ಬಿಟ್ಟ. ಕಾಕು ದಿನವೂ ಡಬ್ಬಿ ಒಯ್ದಳು. ಒಂದು ಮಧ್ಯಾಹ್ನ ತಾಟಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇರಲಿಲ್ಲ. ಸಿದ್ರಾಮಪ್ಪ ತಾಟು ನೋಡಿದ, ಅವಳನ್ನು ನೋಡಿದ, ತುಟಿ ಅಲುಗಿಸಿದ. ಸೊಸೆ ಉಜ್ವಲಾ, "ನೀರು ಬೇಕೇನ್ರಿ ಮಾಮಾ?" ಎಂದಳು. "ತಡೀ ಉಜ್ವಲಾ, ಅಣ್ಣಾರು ಹೇಳ್ತಾರ" ಎಂದ ಕಾಕು, ರೊಟ್ಟಿ ಆರುವವರೆಗೂ ಬಾಯಿ ಮುಚ್ಚಿಕೊಂಡು ಕೂತಳು. "ಹಿಂ... ಹಿಂಡಿ" ಎಂದ ಸಿದ್ರಾಮಪ್ಪ. ತಿಂಗಳುಗಟ್ಟಲೆ ಕೇಳದ ಆ ದನಿಗೆ ಉಜ್ವಲಾ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯ, ಮರ್ತೇಬಿಟ್ಟಿದ್ದೆನ್ರಿ ಅಣ್ಣಾ!" ಎನ್ನುತ್ತ ಕಾಕು ಸೆರಗಿನ ಮರೆಯಿಂದ ಹಿಂಡಿಯ ಬಟ್ಟಲು ತೆಗೆದಿಟ್ಟಳು. ಮರುದಿನ ಅವಳು ಮೊಸರು ಮರೆತಳು.