ಇನ್ನೆಲ್ಲಿ ಹೊಡೆಯುವುದು

ಕೋಡಿಂಬಾಳದ ಏಲಿಕುಟ್ಟಿಗೆ ದೇವರು ಕೊಟ್ಟದ್ದು ರಬ್ಬರ್ ಮರ ಕೆತ್ತುವ ಕೈ ಮತ್ತು ಮೈಕ್ ಬೇಡದ ಗಂಟಲು. ಜಿನ್ಸನ್ ಎಂಬ ಮಗನನ್ನೂ ಕೊಟ್ಟಿದ್ದ, ಅವನನ್ನು ಕುಡಿತ ಕಿತ್ತುಕೊಂಡಿತು. ಗಂಡ ಸತ್ತ ಮೇಲೆ ಊರವರ ತೋಟದಲ್ಲಿ ದುಡಿದು ಸಾಕಿದ ಮಗ. ಬೈದಳು, ಹರಕೆ ಹೊತ್ತಳು, ಕ್ಷಮಿಸಿದಳು, ಮತ್ತೆ ಬೈದಳು. ಕಳೆದ ಮಳೆಗಾಲ ಅವನು ತಾಯಿಯ ಮೇಲೆಯೇ ಕೈ ಮಾಡಿದಾಗ ಅವನ ಬಟ್ಟೆಬರೆ ಅಂಗಳಕ್ಕೆಸೆದು ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಉಪ್ಪಿನಂಗಡಿಯಲ್ಲಿ ಲಾರಿಗೆ ಲೋಡು ಮಾಡುತ್ತಾ ಎಲ್ಲೋ ಬಿದ್ದುಕೊಂಡಿದ್ದ.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಮೊದಲ ಸೋಮವಾರ ಅವರ ಚರ್ಚಿನಲ್ಲಿ ಒಂದು ಪದ್ಧತಿ. ಪ್ರಾರ್ಥನೆಯಾದ ಮೇಲೆ ಎಲ್ಲರೂ ಸಾಲಿನಲ್ಲಿ ಬಂದು ಒಬ್ಬರಿಗೊಬ್ಬರು ಬಾಗಿ ಕ್ಷಮೆ ಕೇಳಬೇಕು. ಅತ್ತೆಯೂ ಸೊಸೆಗೆ ಬಾಗಬೇಕು, ಪಾದ್ರಿಯೂ ಗಂಟೆ ಹೊಡೆಯುವವನಿಗೆ ಬಾಗಬೇಕು.

ಅಂದು ಬೈಬಲಿನಿಂದ ಪ್ರವಾದಿ ಯೆಶಾಯನ ಪಾಠ ಓದಲು ಎದ್ದ ಏಲಿಕುಟ್ಟಿಗೆ ಹಿಂದಿನ ಬಾಗಿಲಲ್ಲಿ ಮಗ ಕಂಡ. ಮೈಯೆಲ್ಲ ಉರಿಯಿತು. ಬಂದರೆ ಬರಲಿ, ಮನೆಯ ಹೊಸ್ತಿಲು ಮಾತ್ರ ದಾಟಿಸುವುದಿಲ್ಲ ಎಂದುಕೊಂಡಳು. ಸಾಕಿದ ಮಕ್ಕಳೇ ತಿರುಗಿಬಿದ್ದರು, ಎತ್ತಿಗಾದರೂ ಯಜಮಾನನ ಗುರುತುಂಟು, ಈ ಜನಕ್ಕಿಲ್ಲ ಎಂದು ದೇವರು ಭೂಮ್ಯಾಕಾಶಗಳ ಮುಂದೆ ದೂರುವ ಭಾಗವನ್ನು ಬಾಗಿಲನ್ನೇ ನೋಡುತ್ತ ಗುಡುಗಿದಳು. ಬೇಕೆಂದೇ ಗುಡುಗಿದಳು, ಸುಳ್ಳು ಯಾಕೆ? ಜನ ತಿರುಗಿ ತಿರುಗಿ ನೋಡಿದರು.

ಆಮೇಲಿನ ಮಾತಿಗೆ ಬಂದಾಗ ಓದು ನಿಧಾನವಾಯಿತು. ಅಂಗಾಲಿನಿಂದ ನೆತ್ತಿಯವರೆಗೆ ಬರೀ ಗಾಯವಾಗಿರುವ ಆ ದೇಶವನ್ನು ಇನ್ನೆಲ್ಲಿ ಹೊಡೆಯುವುದು ಎಂದು ಕೇಳುವ ಜಾಗ. ವರ್ಷ ವರ್ಷವೂ ಅದನ್ನು ಸಿಟ್ಟಿನಲ್ಲಿ ಓದಿದವಳು. ಇವತ್ತು ಅದು ದಂಡಿಸಿ ದಂಡಿಸಿ ಸೋತವನ ದನಿಯಾಗಿ ಕೇಳಿಸಿತು. ಕತ್ತಿ ತಾಗಿಸಲು ತೊಗಟೆಯೇ ಉಳಿಯದ ಮುದಿ ರಬ್ಬರ್ ಮರದೆದುರು ಅವಳೂ ಎಷ್ಟೋ ಬೆಳಗ್ಗೆ ಹಾಗೆಯೇ ನಿಂತಿದ್ದಾಳೆ. ಪಾಠದಲ್ಲಿ ಮುಂದೆ ಬರುವ ಸುಟ್ಟುಹೋದ ಊರುಗಳ ಸಂಗತಿ, ಸೌತೆಗದ್ದೆಯ ಕಾವಲುಗುಡಿಸಲಿನಂತೆ ಒಂಟಿಯಾಗಿ ಉಳಿದ ಪಟ್ಟಣದ ಸಂಗತಿ ಎರಡನೇ ಬೆಂಚಿಗೂ ಕೇಳಿಸಲಿಲ್ಲ.

ಸಾಲು ಸರಿಯುತ್ತ ಸರಿಯುತ್ತ ಜಿನ್ಸನ್ ಎದುರಿಗೆ ಬಂದ. ಬಾಗಿದ.

"ಅದು ನನಗೇ ಅಂತ ಓದಿದ್ದಲ್ವಾ, ಅಮ್ಮಚ್ಚಿ?"

"ಹೌದು. ನಿನಗೇ."

"ತಪ್ಪಾಯ್ತು."

ಈಗ ಅವಳ ಸರದಿ. ಪೆಟ್ಟು ತಿಂದವಳು ನಾನು, ನಾನೆಂತಕ್ಕೆ ಕೇಳುದು? ಹಿಂದೆ ಸಾಲು ನಿಂತೇಬಿಟ್ಟಿತು. ಯಾರೋ ಕೆಮ್ಮಿದರು. ಸಿಟ್ಟನ್ನು ಹೊತ್ತು ನಿಲ್ಲುವುದಕ್ಕೂ ತ್ರಾಣ ಬೇಕಲ್ಲ, ಅದು ಅವಳಲ್ಲಿ ಉಳಿದಿರಲಿಲ್ಲ. ಬಾಗಿದಳು. ಮಂಡಿ ಹಿಡಿದುಕೊಂಡಿತು. ಮಗ ತೋಳು ಹಿಡಿದೆತ್ತಿದ. ಎತ್ತುವಾಗ ಅವನ ಬಾಯಿಯ ವಾಸನೆ ಮುಖಕ್ಕೆ ಬಡಿಯಿತು.

"ಕುಡಿದಿದ್ದೀಯಾ?"

"ಸ್ವಲ್ಪ. ಇಲ್ಲಿಗೆ ಬರ್ಲಿಕ್ಕೆ ಧೈರ್ಯ ಇರ್ಲಿಲ್ಲ."

ಏಲಿಕುಟ್ಟಿಗೆ ಅಳು ಬಂತು. ಕೈ ಬಿಡಿಸಿಕೊಳ್ಳಲಿಲ್ಲ.

"ನಡಿ ಮನೆಗೆ. ಗಂಜಿ ಉಂಟು," ಎಂದಳು. "ನೀನು ಸರಿಯಾಗ್ತಿ ಅಂತ ಕರಿಯುದಲ್ಲ ಮೋನೇ. ಬಾಗಿಲು ಹಾಕಿ ಕೂತು ನನಗೆ ಸಾಕಾಯ್ತು."