ಖೋಖೋ ಆಡಲು ಹೋದ ದಿನಗಳ ಗೈರುಹಾಜರಿ

ರಂಜಿತಾ, ನೀನು ಶಾಲೆ ತಪ್ಪಿಸಿರಲಿಲ್ಲ. ತಪ್ಪಿಸಿದ್ದೀಯೆಂದು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದವನು ನಾನು — ನಿನ್ನ ಹತ್ತನೇ ತರಗತಿಯ ಕ್ಲಾಸ್ ಮೇಷ್ಟ್ರು, ಗಣಿತದವನು. ನೀನು ಪರೀಕ್ಷೆಗೆ ಕೂರಬಾರದು ಎಂದೇ ಬರೆದೆ. ಏಳು ವರ್ಷವಾಯಿತು.

ಯಾಕೆಂದು ಹೇಳುತ್ತೇನೆ. ನನ್ನನ್ನು ಉಳಿಸಿಕೊಳ್ಳಲು ಅಲ್ಲ, ಕಾರಣ ಎಷ್ಟು ಕೀಳಾಗಿತ್ತು ಎನ್ನುವುದು ನಿನಗೆ ತಿಳಿಯಲಿ ಅಂತ.

ಶ್ರೀರಂಗಪಟ್ಟಣದ ಅಂಚಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಏನಿರಲಿಲ್ಲ ಹೇಳು! ಕಂಪ್ಯೂಟರ್ ಕೋಣೆಯಿತ್ತು — ಚಪ್ಪಲಿ ಬಿಟ್ಟು ಕಿಟಕಿಯಲ್ಲಿ ಇಣುಕಬಹುದಿತ್ತು. ಪ್ರಯೋಗಾಲಯವಿತ್ತು, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿತ್ತು. ಲೈಬ್ರರಿಯ ಪುಸ್ತಕಗಳು ಹರಿದುಹೋಗಬಾರದೆಂದು ಬೀರುವಿನಲ್ಲಿ ಭದ್ರವಾಗಿದ್ದವು. ಓದಿದರೆ ತಾನೆ ಹರಿಯುವುದು. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಎಲ್ಲ ಬಾಗಿಲೂ ತೆರೆಯುತ್ತಿತ್ತು. ಆ ದಿನ ನಾಲ್ಕು ಮಕ್ಕಳನ್ನು ಸೂಕ್ಷ್ಮದರ್ಶಕದ ಮುಂದೆ ಬಗ್ಗಿಸಿ ನಿಲ್ಲಿಸುತ್ತಿದ್ದವನು ನಾನೇ. ಗಾಜಿನಡಿ ಏನೂ ಇರುತ್ತಿರಲಿಲ್ಲ. ಸಾಹೇಬರು ಕೇಳಿದರೆ “ಚೆನ್ನಾಗಿ ಕಾಣ್ತದೆ ಸಾ” ಅನ್ನಬೇಕೆಂದು ಬೆಳಗ್ಗೆಯೇ ಹೇಳಿಕೊಟ್ಟಿರುತ್ತಿದ್ದೆ. ಅದೊಂದು ಪಾಠವನ್ನು ನಾವು ಶ್ರದ್ಧೆಯಿಂದ ಮಾಡಿದೆವು.

ನಿಜವಾಗಿ ಬಳಕೆಯಲ್ಲಿದ್ದದ್ದು ಖೋಖೋ ಅಂಕಣ ಒಂದೇ. ಅದರ ಎರಡು ಕಂಬಗಳನ್ನು ನಿಮ್ಮಪ್ಪ, ಬಡಗಿ ನಂಜುಂಡಾಚಾರಿ, ಕೈಯಾರೆ ಮಾಡಿಕೊಟ್ಟಿದ್ದರು. ನೀನು ಓಡುವುದನ್ನು ನೋಡಲು ಬಾಬುರಾಯನಕೊಪ್ಪಲಿನಿಂದಲೂ ಜನ ಬಂದು ಕಾಂಪೌಂಡಿನ ಮೇಲೆ ಕೂರುತ್ತಿದ್ದರು. ನಿಮ್ಮ ತಂಡ ತಾಲ್ಲೂಕಿನಲ್ಲಿ ಗೆದ್ದಿತು, ಪಾಂಡವಪುರದ ಶಿಬಿರಕ್ಕೆ ಹೋಯಿತು, ಕೆ.ಆರ್. ಪೇಟೆಯಲ್ಲಿ ನಡೆದ ಜಿಲ್ಲಾ ಆಟದಲ್ಲೂ ಗೆದ್ದು ಬಂತು. ಗೆದ್ದ ಕಪ್ ಹಿಡಿದ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಲ್ಲು ಬಿಟ್ಟವನು ಯಾರು? ತಂಡದಲ್ಲಿ ಎಷ್ಟು ಜನ ಆಡುತ್ತಾರೆಂದೂ ಗೊತ್ತಿಲ್ಲದ ನಾನು.

ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಬಂತು. ಗಣಿತದಲ್ಲಿ ನಿನಗೆ ಹನ್ನೊಂದು. ಹಿಂದಿನ ಎರಡು ವರ್ಷ ನಮ್ಮ ಫಲಿತಾಂಶ ನೂರಕ್ಕೆ ನೂರು. ಮೂರನೆಯದಕ್ಕೆ ಗೇಟಿನ ಮುಂದೆ ಫ್ಲೆಕ್ಸ್ ಕಟ್ಟುವ ಜಾಗವನ್ನೂ ಹೆಡ್‌ಮಾಸ್ಟರು ನೋಡಿಟ್ಟಿದ್ದರು. ನನ್ನನ್ನು ಕರೆದು, “ಇವ್ಳೊಬ್ಳು ಕೂತ್ರೆ ನೂರು ಹೋಯ್ತು ಕಣ್ರೀ. ಹಾಜರಾತಿ ಒಂದ್ಸಲ ನೋಡಿ” ಅಂದರು. ಅಷ್ಟೇ. ಬರೆಯಿರಿ ಅನ್ನಲಿಲ್ಲ. ನನ್ನಂಥವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಮುಕ್ಕಾಲು ಪಾಲು ಹಾಜರಾತಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಶಾಲೆಯ ಪರವಾಗಿ ಆಟಕ್ಕೆ ಹೋದ ದಿನಗಳು ಹಾಜರಿಯೇ. ನಾನು ಹೊಸ ಪುಸ್ತಕ ತೆಗೆದು ಇಡೀ ವರ್ಷವನ್ನು ಮತ್ತೆ ಬರೆದೆ. ನಿನ್ನ ಅಮ್ಮನ ಆಪರೇಷನ್ನಿಗೆ ನೀನು ಹಾಕಿದ್ದ ರಜೆ ಮೊದಲೇ ಇತ್ತು. ಅದರ ಜೊತೆಗೆ ಶಿಬಿರದ ದಿನಗಳು, ಪಂದ್ಯದ ದಿನಗಳು — ಎಲ್ಲ ಗೈರು. ಅದೂ ಸಾಲದೆ ಸುಮ್ಮನೆ ಕೆಲವು ಸೋಮವಾರಗಳನ್ನೂ ಸೇರಿಸಿದೆ. ನಿನ್ನ ಜೊತೆ ಅದೇ ಬಸ್ಸಿನಲ್ಲಿ ಹೋಗಿ ಬಂದ ಹುಡುಗಿಯರಿಗೆ ಅದೇ ದಿನಗಳಲ್ಲಿ ಹಾಜರಿ ಹಾಕಿದೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು, ನಿನಗೆ ಪಾಸಾಗುವಷ್ಟು ಗಣಿತ ಕಲಿಸಬಹುದಿತ್ತು. ಆದರೆ ಕಲಿಸುವುದು ಎರಡು ತಿಂಗಳ ಕೆಲಸ, ಇದು ಒಂದು ಮಧ್ಯಾಹ್ನದ್ದು.

ನಿಮ್ಮಪ್ಪನನ್ನು ಕರೆದುಕೊಂಡು ನೀನು ಸ್ಟಾಫ್ ರೂಮಿಗೆ ಬಂದೆ. “ಆಟಕ್ಕೆ ಕಳ್ಸಿದ್ದು ನೀವೇ ಅಲ್ವಾ ಸಾ?” ಎಂದು ಕೇಳಿದೆ. ಪಿ.ಟಿ. ಮೇಷ್ಟ್ರು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದರು, ತಲೆ ಎತ್ತಲಿಲ್ಲ. ನಾನು ಹೇಳಿದ್ದು ನಿನಗೆ ನೆನಪಿರುತ್ತದೆ — “ಆಟದ ಹೆಸ್ರು ಹೇಳ್ಕೊಂಡು ಎಲ್ಲೆಲ್ಲಿ ಸುತ್ತಿದ್ಯೋ, ನಿಮ್ಮಪ್ಪಂಗೆ ನೀನೇ ಹೇಳಮ್ಮ.”

ಪರೀಕ್ಷೆ ತಪ್ಪಿಸಿದ್ದು ಸಾಲದೆ ನಿನ್ನ ಮರ್ಯಾದೆಯನ್ನೂ ತೆಗೆದೆ. ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ.

“ಮೇಷ್ಟ್ರು ಸುಳ್ಳು ಏಳ್ತಾರೇನವ್ವಾ?” ಎಂದರು ನಿಮ್ಮಪ್ಪ. ಅಲ್ಲೇ ನಿನ್ನ ಕೆನ್ನೆಗೆ ಹೊಡೆದರು. ನಾನು ಹಾಜರಿ ಪುಸ್ತಕ ತಿರುವುತ್ತ ಕೂತೆ.

ನೂರಕ್ಕೆ ನೂರು ಬಂತು. ಫ್ಲೆಕ್ಸಿನಲ್ಲಿ ನನ್ನ ಮುಖವೂ ಇತ್ತು, ನಾಚಿಕೆಯಿಲ್ಲದ ಮುಖ. ಮುಂದಿನ ವರ್ಷ ಪರೀಕ್ಷೆ ಕಟ್ಟುತ್ತೇನೆಂದು ನೀನು ಅತ್ತರೂ ನಿಮ್ಮಪ್ಪ ಬಿಡಲಿಲ್ಲವಂತೆ. ಮೊದಲು ಗಾರ್ಮೆಂಟ್ಸಿನ ಬಸ್ಸು, ಆಮೇಲೆ ಹೊಣಕೆರೆಗೆ ಮದುವೆ. ಇದನ್ನೆಲ್ಲ ಕೇಳಿಯೂ ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಪ್ರಾಮಾಣಿಕತೆಯ ಬಗ್ಗೆ ಭಾಷಣವನ್ನೂ ಮಾಡಿದೆ.

ಹೋದ ವಾರ ನಿಮ್ಮಪ್ಪ ಶಾಲೆಯ ಬಾಗಿಲು ರಿಪೇರಿಗೆ ಬಂದಿದ್ದರು. ಟೀ ಕೊಟ್ಟೆ. ಅವರು ನನಗೆ ಕೈ ಮುಗಿದರು, ರಂಜಿತಾ. “ಅವತ್ತು ನೀವು ಏಳ್ದೆ ಇದ್ದಿದ್ರೆ ಮಗ್ಳು ಕೈತಪ್ಪಿ ಓಗೋಳು ಸಾ. ನಿಮ್ಮಿಂದ ಉಳ್ಕೊಂಡ್ಲು” ಅಂದರು. ಏಳು ವರ್ಷದಿಂದ ಆ ಮನುಷ್ಯ ನನ್ನನ್ನು ದೇವರ ಪಕ್ಕ ಕೂರಿಸಿಕೊಂಡಿದ್ದರು! ಇನ್ನು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ — ಪುಸ್ತಕ, ಸೋಮವಾರಗಳು, ಎಲ್ಲ.

ಬೈಯುತ್ತಾರೆ ಅಂದುಕೊಂಡೆ, ಉಳಿ ಎತ್ತಿದ್ದರೂ ಸರಿಯಿತ್ತು. ಅವರು ಲೋಟ ಕೆಳಗಿಟ್ಟರು.

“ಅವತ್ತು ಮನೇಗೋದ್ಮೇಲೂ ವೊಡ್ದೆ ಸಾ. ಎಲ್ಗೂ ಓಗಿಲ್ಲ ಕಣಪ್ಪಾ ಅಂತ್ಲೇ ಇದ್ಲು. ಒಪ್ಕೊಳ್ಳೋಗಂಟ ವೊಡ್ದೆ. ಕೊನೇಗೆ ಒಪ್ಕೊಂಬುಟ್ಲು.”

ಏನೆಂದು ಒಪ್ಪಿಕೊಂಡೆ ನೀನು? ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಎಂದು ಹೇಳಿದೆ — ಹದಿನಾರು ತುಂಬದ ಹುಡುಗಿ? 

ಇಲಾಖೆಗೆ ನನ್ನ ಹೆಸರು, ಸಹಿ ಹಾಕಿ ನಡೆದದ್ದನ್ನು ಬರೆದು ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ; ಕೇಳಿ ನಿನ್ನನ್ನು ಇನ್ನೊಂದು ಕಷ್ಟಕ್ಕೆ ಸಿಕ್ಕಿಸುವ ಹಕ್ಕು ನನಗಿಲ್ಲ. ಈ ಕಾಗದವನ್ನು ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊಣಕೆರೆಗೆ ಹೊರಡುತ್ತಾರಂತೆ.

ಹೋದ ವಾರ ಶಾಲೆಯಿಂದ ಹೊರಡುವ ಮುಂಚೆ ನನ್ನನ್ನೇ ಕೇಳಿದರು — “ಅವ್ಳ ಮುಂದೆ ನಿಂತ್ಕೊಂಡು ಏನನ್ಲಿ ಸಾ? ನೀವು ಓದ್ದೋರು, ನೀವೇ ಏಳ್ಕೊಡಿ.”